ಅರವತ್ತರ ಲೆಕ್ಕ

ಭಾನುವಾರ ಅಕ್ಕನ ಮಗ ದೊಡ್ಡಬಳ್ಳಾಪುರದಿಂದ ಲಾಗ್‌ಬುಕ್ ಹಿಡಿದು ಬಂದ. ಏರ್‌ಲೈನ್ ಇಂಟರ್‌ವ್ಯೂಗೆ ಒಂಬತ್ತೇ ದಿನ. ಕೋಟು ಹೊಲಿಸಿಯಾಗಿದೆ, 'ನಿಮ್ಮ ಬಗ್ಗೆ ಹೇಳಿ'ಗೆ ಉತ್ತರ ಉರು ಹೊಡೆದಾಗಿದೆ. ಪುಟದ ಬುಡದ ಮೊತ್ತಗಳು ಮಾತ್ರ ಒಂದಕ್ಕೊಂದು ತಾಳೆಯಿಲ್ಲ.

ದೇವನಹಳ್ಳಿಯ ನಮ್ಮ ಜಗಲಿಯಲ್ಲಿ ಕೂತು ಲಾಗ್‌ಬುಕ್ ಕೂಡುವುದು ನನಗೆ ಅವರೆಕಾಯಿ ಸುಲಿದಷ್ಟೇ ಹಿತ. ನನ್ನದೊಂದು ಉಪಾಯವಿದೆ. ಗಂಟೆ ನಿಮಿಷಗಳನ್ನು ಸಾದಾ ಅಂಕಿಯಂತೆ ಕೂಡಿ. ನಿಮಿಷ ಐವತ್ತೊಂಬತ್ತು ದಾಟಿತೋ, ನಲವತ್ತು ಸೇರಿಸಿ. 145ಕ್ಕೆ 50 ಕೂಡಿದರೆ 195. ನಲವತ್ತು ಸೇರಿದರೆ 235. ಎರಡು ಗಂಟೆ ಮೂವತ್ತೈದು ನಿಮಿಷ!

"ಮಾವ, ಇದನ್ನೆಲ್ಲ ಎಕ್ಸೆಲ್ ಮಾಡುತ್ತೆ."

ಮಾಡುತ್ತೆ. 1.50ಕ್ಕೆ 1.50 ಕೂಡಿ ಮೂರು ಗಂಟೆ ಅಂತ ಎದೆ ತಟ್ಟಿ ಹೇಳುತ್ತೆ. ನಲವತ್ತು ನಿಮಿಷ ನುಂಗಿ ನೀರು ಕುಡಿದಿರುತ್ತೆ. ಇನ್ನೊಂದು ಪಂಗಡ ಒಂದು ಗಂಟೆ ಇಪ್ಪತ್ತು ನಿಮಿಷವನ್ನು 1.3 ಎನ್ನುತ್ತದೆ. ಹೋದದ್ದು ಎರಡೇ ನಿಮಿಷವಂತೆ. ಅರವತ್ತು ಸಲ ಹಾರಿದರೆ ಎರಡು ಗಂಟೆ. ಅದಕ್ಕೆ ಅಪ್ಪ ಕಟ್ಟಿದ ಫೀಸು?

ಇವರನ್ನಾದರೂ ಕ್ಷಮಿಸಬಹುದು. ಇಡೀ ಲಾಗ್‌ಬುಕ್ಕನ್ನು ಹೊಸ ಪುಸ್ತಕಕ್ಕೆ, ಒಂದೇ ಪೆನ್ನಿನಲ್ಲಿ, ಒಂದೇ ರಾತ್ರಿ ಮುತ್ತು ಪೋಣಿಸಿದಂತೆ ಇಳಿಸುವವರನ್ನಲ್ಲ. ಜಕ್ಕೂರಿನ ಸೆಸ್ನಾ 152ರ ಕಾಲದ ನನ್ನ ಪುಟಗಳಲ್ಲಿ ನಾಲ್ಕು ಬಗೆಯ ಶಾಯಿ, ಒಂದು ಕಾಫಿ ಲೋಟದ ಉಂಗುರ ಇವೆ. ಇಂಟರ್‌ವ್ಯೂನಲ್ಲಿ ಯಾವುದೋ ಸಾಲಿನ ಮೇಲೆ ಬೆರಳಿಟ್ಟು "ಅವತ್ತು ಏನಾಯ್ತು?" ಎಂದರೆ ಆ ಉಂಗುರವೇ ನೆನಪಿಸುತ್ತದೆ. ನಕಲು ತೆಗೆದವನಿಗೆ ಏನು ನೆನಪಾದೀತು, ರಾತ್ರಿಯ ಸೊಳ್ಳೆಯೇ? ಹಾರದೆ ಬರೆದದ್ದಕ್ಕೆ ನಮ್ಮವರು 'ಪಾರ್ಕರ್ ಪೆನ್ನಿನ ಗಂಟೆ' ಅನ್ನುತ್ತಾರೆ. ನಗು ಬರುವುದಿಲ್ಲ ನನಗೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ (ಸಿಪಿಎಲ್) 200 ಗಂಟೆ, ಅದರಲ್ಲಿ ವಿಮಾನದ ಹೊಣೆ ಹೊತ್ತ ಪೈಲಟ್ (ಪಿಐಸಿ) ಆಗಿ 100. ಆ ನೂರು ಗಂಟೆ ಶಾಯಿಯದ್ದಾದರೆ, ಎಂಜಿನ್ ಕೆಮ್ಮಿದಾಗ ಪೆನ್ನು ಹಿಡಿದು ಇಳಿಸುತ್ತಾನೆಯೇ? 2011ರಲ್ಲಿ ನಕಲಿ ದಾಖಲೆಗಳಿಗಾಗಿ ದೇಶದಲ್ಲಿ ಪೈಲಟ್‌ಗಳ ಬಂಧನವೇ ಆಯಿತು. ಆದರೂ ಚಾಳಿ...

ಇರಲಿ. ಮೊತ್ತ ಕೂಡುವಾಗ ಹುಡುಗನ ಇನ್ನೊಂದು ತಪ್ಪೂ ಸಿಕ್ಕಿತು. ಬೆಳಗಿನ ಜಾವ 5.10ಕ್ಕೆ ಹಾರಿದ್ದನ್ನು, ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿ 23.40 ಎಂದು ಸರಿಯಾಗಿ ಬರೆದು, ತಾರೀಖು ಮಾತ್ರ ನಮ್ಮದೇ ಹಾಕಿದ್ದ. ಹಿಂದಿನ ದಿನದ್ದು ಬರಬೇಕಿತ್ತು. ಅವನ ಕೈ ಜೇಬಿನ ವೈಟ್ನರ್‌ಗೆ ಹೋಯಿತು, ನಾನು ಕಿತ್ತುಕೊಂಡೆ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ, ಸಹಿ ಹಾಕಿದ.

ಮೂಲೆಯಲ್ಲಿ ಪಂಚಾಂಗ ತಿರುವುತ್ತಿದ್ದ ನಮ್ಮಪ್ಪ ತಲೆಯೆತ್ತಿದರು. "ಐದೂವರೆಗೆ ತಾನೆ ನಿಮ್ಮ ದಿನ ಬದಲಾಗೋದು? ನಮ್ಮಲ್ಲೂ ಸೂರ್ಯ ಹುಟ್ಟೋ ತನಕ ಹಿಂದಿನ ವಾರವೇ ಕಣಪ್ಪ. ಇದರಲ್ಲೇನು ಕಷ್ಟ?" ಆಮೇಲೆ, "ಇಂಟರ್‌ವ್ಯೂ ಮಂಗಳವಾರ ಅಂದೆಯಲ್ಲ, ಮೂರರಿಂದ ನಾಲ್ಕೂವರೆ ರಾಹುಕಾಲ. ನೋಡ್ಕೋ."

"ಒಂಬತ್ತೂವರೆಯಿಂದ ಹನ್ನೊಂದು, ತಾತ," ಎಂದ ಹುಡುಗ, ಪುಸ್ತಕದಿಂದ ಕಣ್ಣೆತ್ತದೆ.