ಬಿರುಕಲ್ಲ, ಗೀರು

ನಮ್ಮ ಕಡೆ ಒಂದೇ ವಸ್ತುವಿಗೆ ಮೂರು ಹೆಸರು. ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್, ಶಾಲೆಯ ಪುಸ್ತಕದ ಕನ್ನಡದಲ್ಲಿ ಕೋವಿ. ನಾನು ಇಪ್ಪತ್ತೆರಡು ವರ್ಷ ಭೂಸೇನೆಯ ಇ.ಎಂ.ಇ. ದಳದಲ್ಲಿ ಆರ್ಮರರ್ ಆಗಿದ್ದವನು. ಅಂದರೆ ಯುದ್ಧ ಮಾಡುವವನಲ್ಲ, ಯುದ್ಧ ಮಾಡುವವರ ಆಯುಧಗಳನ್ನು ಬಿಚ್ಚಿ, ಒರೆಸಿ, ಸವೆದ ಭಾಗ ಬದಲಿಸಿ, ಜೋಡಿಸಿ ಕೊಡುವವನು. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಕನ್ನಡದವರಿಗೆ ನಾನು ‘ಮಿಲಿಟ್ರಿ’ಯಾದೆ, ಮಲಯಾಳದವರಿಗೆ ‘ಪಟ್ಟಾಳಕ್ಕಾರನ್’ ಆದೆ. ಆರ್ಮರರ್ ಎಂದರೆ ಏನೆಂದು ಕೇಳಿದವರು ಕಡಿಮೆ. ತೋಟದ ಪಂಪು ಕೆಟ್ಟಾಗ, ಹೊಲಿಗೆ ಯಂತ್ರ ನೂಲು ಕಡಿಯುವಾಗ ನನ್ನನ್ನು ಕರೆಯುತ್ತಾರೆ. ನಿಜವಾದ ನನ್ನ ಕಸುಬಿಗೆ ಕರೆ ಬಂದದ್ದು ಒಂದೇ ಸಲ, 2023ರ ಮಳೆಗಾಲ ಮುಗಿದ ಮೇಲೆ.

ಕರೆದವನು ಅಕ್ಕನ ಮಗ. ಅಡಿಕೆ ವ್ಯಾಪಾರಿ. ಮಂಗಳೂರಿನ ಮಾರುಕಟ್ಟೆಯಿಂದ ರಾತ್ರಿ ಹಣ ಹಿಡಿದು ಬರುವವನೆಂಬ ಕಾರಣಕ್ಕೆ ಅವನಿಗೆ ಪಿಸ್ತೂಲಿನ ಲೈಸೆನ್ಸು ಸಿಕ್ಕಿತ್ತು. ಮಾರುವವರು ನಮ್ಮೂರಿನ ನಿವೃತ್ತ ಮಲಯಾಳಂ ಟೀಚರ್. ಅವರ ಯಜಮಾನರಿಗೆ ಸುಳ್ಯದ ಕಡೆ ರಬ್ಬರ್ ತೋಟವಿತ್ತು. ವಾರದ ಸಂಬಳ ಒಯ್ಯುವ ದಿನಗಳಲ್ಲಿ ಅವರ ಸೊಂಟದಲ್ಲಿ ಆ ಪಿಸ್ತೂಲು ಇರುತ್ತಿತ್ತು. 2021ರಲ್ಲಿ ಅವರು ತೀರಿಕೊಂಡರು. ಮಗ ಗಲ್ಫಿನಲ್ಲಿ, ಮಗಳು ಬೆಂಗಳೂರಿನಲ್ಲಿ. ವಾರಸುದಾರರಾಗಿ ಲೈಸೆನ್ಸು ಕೇಳಲು ಇಬ್ಬರಿಗೂ ಮನಸ್ಸಿಲ್ಲ. ಟೀಚರಿಗೆ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಆ ಖರ್ಚಿಗೆ ಅವರು ನೆಚ್ಚಿಕೊಂಡದ್ದು ಈ ಪಿಸ್ತೂಲನ್ನೇ.

ಹಳೆಯ ಪಿಸ್ತೂಲಿಗೆ ಅಷ್ಟು ಬೆಲೆಯೇ ಎಂದು ಓದುಗರು ಕೇಳಬಹುದು. ನಮ್ಮ ದೇಶದಲ್ಲಿ ಉಂಟು. 9 ಮಿ.ಮೀ. ಪಿಸ್ತೂಲು ಸೇನೆ ಮತ್ತು ಪೊಲೀಸರ ಆಯುಧ, ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಅವನಿಗೆ ದಕ್ಕುವ ಅರೆ-ಸ್ವಯಂಚಾಲಿತ ಪಿಸ್ತೂಲೆಂದರೆ ಹೆಚ್ಚಾಗಿ .32 ಅಳತೆಯದು. ಅಮೆರಿಕದ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ ತೋಟೆ ಅದು. 1980ರ ದಶಕದ ನಡುಭಾಗದಿಂದ ಖಾಸಗಿಯವರಿಗಾಗಿ ವಿದೇಶಿ ಆಯುಧ ತರಿಸುವುದು ಹೆಚ್ಚುಕಡಿಮೆ ನಿಂತೇಹೋದ ಕಾರಣ, ಅದಕ್ಕೆ ಮೊದಲೇ ಬಂದವು ಕೈಯಿಂದ ಕೈಗೆ ಲಕ್ಷಗಳ ಲೆಕ್ಕದಲ್ಲಿ ದಾಟುತ್ತವೆ. ಟೀಚರ ಮನೆಯದು ಜರ್ಮನಿಯ ವಾಲ್ಥರ್ ಪಿಪಿಕೆ, ಅದರಲ್ಲೂ ‘ಎಲ್’ ಎಂಬ ಹಗುರ ಮಾದರಿ. ಜರ್ಮನ್ ಭಾಷೆಯಲ್ಲಿ ‘ಹಗುರ’ ಎಂಬ ಶಬ್ದದ ಮೊದಲ ಅಕ್ಷರವೇ ಆ ಎಲ್. ಸ್ಲೈಡು ಮತ್ತು ನಳಿಗೆ ಉಕ್ಕಿನವು, ಹಿಡಿಯ ಫ್ರೇಮು ಮಾತ್ರ ಅಲ್ಯೂಮಿನಿಯಂ ಮಿಶ್ರಲೋಹ. ಖಾಲಿ ಇರುವಾಗ ತೂಕ ಅರ್ಧ ಕಿಲೋಗೆ ತುಸು ಕಡಿಮೆ.

ಲೈಸೆನ್ಸುದಾರ ತೀರಿಕೊಂಡರೆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸು ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕು. ಯಜಮಾನರ ಲೈಸೆನ್ಸು ಇಡೀ ಭಾರತಕ್ಕೆ ಅನ್ವಯಿಸುವಂಥದ್ದು. ಚುನಾವಣೆ ಬಂದಾಗೆಲ್ಲ ಅವರು ಪಿಸ್ತೂಲು ಒಪ್ಪಿಸುತ್ತಿದ್ದದ್ದು ಮಂಗಳೂರಿನ ಒಂದು ಅಂಗಡಿಗೆ. ಟೀಚರೂ ಅಲ್ಲಿಯೇ ಇಟ್ಟರು. ಅಳಿಯನ ಲೈಸೆನ್ಸೋ ಕೇರಳಕ್ಕೆ ಮಾತ್ರ. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ನನ್ನ ಅಜ್ಜನ ಕೇಪಿನ ಕೋವಿಯ ಕಾಗದ ಬಂದದ್ದು ಮಂಗಳೂರಿನಿಂದ. ಈಗಲೂ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವಳಿಗೆ ನಾವು ಹೋಗುವುದು ಅಲ್ಲಿಗೇ. ಮನುಷ್ಯನಿಗೆ ತಲಪಾಡಿ ಎಂದರೆ ಒಂದು ಚೆಕ್‌ಪೋಸ್ಟು. ಕೋವಿಗೆ ಮಾತ್ರ ಅದು ನಿಜವಾದ ಗಡಿ. ಲೈಸೆನ್ಸಿನ ವ್ಯಾಪ್ತಿ ವಿಸ್ತರಿಸಲು ಅಳಿಯ ಅರ್ಜಿ ಹಾಕಿ, ಅದು ಕೈಗೆ ಬರುವ ಮೊದಲೇ ‘ಮಾವ, ಒಮ್ಮೆ ನೋಡಿ ಬರುವ’ ಎಂದ. ನೋಡಲು ಅಡ್ಡಿಯಿಲ್ಲ. ಆದರೆ ರಿಪೇರಿಗೆ ಕೈಹಾಕಲು ನನಗೂ ಅಧಿಕಾರವಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವನಿಗೂ ಲೈಸೆನ್ಸು ಬೇಕು, ಬಿಡಿಭಾಗವೂ ಆಯುಧವೇ. ಇದನ್ನು ಅವನಿಗೆ ಮೊದಲೇ ಹೇಳಿದ್ದೆ.

ಒಂದು ಬೆಳಗ್ಗೆ ನಾವು ಮೂವರೂ ಒಂದೇ ಕಾರಿನಲ್ಲಿ ಹೋದೆವು. ಟೀಚರಿಗೆ ಅದೇ ದಿನ ಮೊಣಕಾಲಿನ ಡಾಕ್ಟರನ್ನು ಕಾಣುವುದಿತ್ತು. ಅಂಗಡಿಯವರು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಪಿಸ್ತೂಲನ್ನು ಇಟ್ಟರು. ಅಳಿಯ ಕೈಚಾಚಿದ. ನಾನು ತಡೆದೆ. ಮ್ಯಾಗಜೀನು ತೆಗೆಯಬೇಕು, ಆಮೇಲೆ ಸ್ಲೈಡು ಹಿಂದಕ್ಕೆಳೆದು ಚೇಂಬರನ್ನು ಕಣ್ಣಿನಿಂದ ನೋಡಬೇಕು, ಕಿರುಬೆರಳಿನಿಂದ ಮುಟ್ಟಬೇಕು. ತೋಟೆ ಇದೆಯೆಂದು ತೋರಿಸುವ ಸಣ್ಣ ಮೊಳೆಯೊಂದು ಈ ಮಾದರಿಯ ಹಿಂಬದಿಯಲ್ಲಿ ಇದೆ. ಅದನ್ನು ನಂಬಿ ಕೂರಬಾರದು. ‘ಖಾಲಿ’ ಎಂದು ಅಂಗಡಿಯವರು ಹೇಳಿದರೂ ನೋಡಬೇಕು, ಅವರು ನೋಡಿ ಕೊಟ್ಟ ಮೇಲೂ ನೋಡಬೇಕು. ಇದು ಸಂಶಯವಲ್ಲ, ಕಸುಬಿನ ಮರ್ಯಾದೆ. ನಂತರ ಫ್ರೇಮಿನ ಮೇಲಿನ ನಂಬರು, ಸ್ಲೈಡಿನ ನಂಬರು, ಕಾಗದದ ನಂಬರು ಮೂರನ್ನೂ ಓದಿಸಿದೆ. ತಾಳೆಯಾಯಿತು.

ಸೇಫ್ಟಿಯ ಸರದಿ ಬಂತು. ಈ ಪಿಸ್ತೂಲಿನಲ್ಲಿ ಸೇಫ್ಟಿ ಒತ್ತಿದರೆ ಎತ್ತಿನಿಂತ ಹ್ಯಾಮರು ತಾನೇ ಬೀಳುತ್ತದೆ, ಆದರೆ ಹೊಡೆಯುವ ಪಿನ್ನಿಗೆ ತಾಗಬಾರದು. ಹಳೆಯದರಲ್ಲಿ ಈ ತಡೆ ಸವೆದಿರುತ್ತದೆ. ಖಾಲಿ ನಳಿಗೆಯೊಳಗೆ ಪೆನ್ಸಿಲನ್ನು ರಬ್ಬರಿನ ತುದಿ ಒಳಗಾಗುವಂತೆ ಇಳಿಬಿಟ್ಟು ಸೇಫ್ಟಿ ಒತ್ತಿದೆ. ಪೆನ್ಸಿಲು ಅಲುಗಲಿಲ್ಲ. ಮೂರು ಸಲ ನೋಡಿದೆ, ಮೂರು ಸಲವೂ ಅಲುಗಲಿಲ್ಲ. ಟ್ರಿಗರ್ ಗಾರ್ಡನ್ನು ಕೆಳಕ್ಕೆಳೆದರೆ ಸ್ಲೈಡು ಬಿಡಿಸಿಕೊಳ್ಳುತ್ತದೆ. ಬಿಡಿಸಿ ನಳಿಗೆಯೊಳಗೆ ಬೆಳಕು ಹಾಯಿಸಿದೆ. ಹಳೆಯ ಕಾಲದ ಕೆಲವು ತೋಟೆಗಳ ಮದ್ದು ಒಳಗೆ ಉಪ್ಪಿನಂಥ ಕಲ್ಮಶ ಉಳಿಸುತ್ತದೆ. ಬಿಸಿನೀರಿನಲ್ಲಿ ತೊಳೆಯದಿದ್ದರೆ ಉಕ್ಕು ಸಿಡುಬಿನ ಮುಖದಂತಾಗುತ್ತದೆ. ಇದರಲ್ಲಿ ಬಾಯಿಯ ಹತ್ತಿರ ಎರಡು ಮೂರು ಚುಕ್ಕಿ ಅಷ್ಟೆ. ಹೊರಗೆ ಸ್ಲೈಡಿನ ಒಂದು ಪಕ್ಕ ಮಾತ್ರ ತುಕ್ಕಿನ ನೆರಳಿತ್ತು. ಚರ್ಮದ ಚೀಲದಲ್ಲಿ ಹಾಕಿಟ್ಟದ್ದರ ಗುರುತು ಅದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಕಡಲ ಕರೆಯಲ್ಲಿ ಚರ್ಮವೆಂದರೆ ನೀರು ಕುಡಿದ ಬಟ್ಟೆ. ಆದರೂ ಯಜಮಾನರು ಎಣ್ಣೆ ಸವರುವುದನ್ನು ತಪ್ಪಿಸಿರಲಿಲ್ಲ.

ಈ ಜಾತಿಯ ಪಿಸ್ತೂಲಿನಲ್ಲಿ ನಳಿಗೆ ಅಲುಗದು. ಗುಂಡು ಮುಂದಕ್ಕೆ ಹಾರುವಾಗ ಸ್ಲೈಡು ಹಿಂದಕ್ಕೆ ಬರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಸ್ಲೈಡಿನ ತೂಕ ಮತ್ತು ನಳಿಗೆಗೆ ಸುತ್ತಿಕೊಂಡ ಒಂದು ಸ್ಪ್ರಿಂಗು. ಸ್ಪ್ರಿಂಗು ಸೋತರೆ ಸ್ಲೈಡು ಬಂದು ಫ್ರೇಮಿಗೆ ಬಡಿಯುತ್ತದೆ. ಫ್ರೇಮು ಉಕ್ಕಿನದಾದರೆ ಬಹಳ ಕಾಲ ತಾಳೀತು. ಮಿಶ್ರಲೋಹದ್ದಾದರೆ ತುಕ್ಕು ಹಿಡಿಯದಿದ್ದರೂ ಬಡಿತ ತಿಂದು ತಿಂದು ಒಂದು ದಿನ ಸೀಳುತ್ತದೆ. ಸೀಳಿದರೆ ಬೆಸುಗೆಯ ಮಾತಿಲ್ಲ, ಪಿಸ್ತೂಲು ಅಲ್ಲಿಗೆ ಮುಗಿಯಿತು. ಹಗುರಾಗಿರುವುದಕ್ಕೆ ತೆರುವ ಬೆಲೆ ಅದು. ಅಂಗಡಿಯಲ್ಲಿದ್ದ ಹೊಸ ಸ್ಪ್ರಿಂಗಿನ ಪಕ್ಕದಲ್ಲಿ ಇದನ್ನು ನಿಲ್ಲಿಸಿದಾಗ ಬೆರಳಿನಗಲ ಗಿಡ್ಡವಾಗಿ ಕಂಡಿತು. ಎರಡು ಮ್ಯಾಗಜೀನುಗಳಲ್ಲಿ ಒಂದರ ತುಟಿ ಅಗಲಿಸಿತ್ತು. ಹಿಡಿಯ ಪ್ಲಾಸ್ಟಿಕ್ ತಗಡು ಒಡೆದಿತ್ತು.

ಆಗ ಅಳಿಯ ಫ್ರೇಮಿನ ಎಡಪಕ್ಕಕ್ಕೆ ಬೆರಳಿಟ್ಟ. ಸ್ಲೈಡು ಜಾರುವ ಅಂಚಿನ ಕೆಳಗೆ ಅಕ್ಕಿಕಾಳಿನಷ್ಟು ಉದ್ದದ ಒಂದು ಗೆರೆ. ಟೀಚರೂ ಕನ್ನಡಕ ಸರಿಮಾಡಿ ಬಾಗಿ ನೋಡಿದರು. ಯಾರೂ ಮಾತಾಡಲಿಲ್ಲ. ನಾನು ಅಂಗಡಿಯವರ ಒಪ್ಪಿಗೆ ಪಡೆದು, ವರ್ಕ್‌ಶಾಪಿನಲ್ಲಿ ಕಲಿತ ಹಳೆಯ ಉಪಾಯ ಮಾಡಿದೆ. ಗೆರೆಯ ಮೇಲೆ ಚಿಮಿಣಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲನೆ ಮೇಲಕ್ಕೆ ಬಂದು ಬಿಳಿಪುಡಿಯಲ್ಲಿ ಕಪ್ಪು ದಾರದ ಹಾಗೆ ಕಾಣುತ್ತದೆ.

ಅರ್ಧ ಗಂಟೆ ಕಾದೆವು. ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಅಳಿಯ ನನ್ನನ್ನು ಬಾಗಿಲ ಬಳಿ ಕರೆದು ತಗ್ಗಿದ ದನಿಯಲ್ಲಿ ಹೇಳಿದ: ‘ಮಾವ, ಏನೇ ಆಗಲಿ, ಅದನ್ನು ಬಿರುಕು ಅಂತಲೇ ಹೇಳಿ. ಅರ್ಧಕ್ಕೆ ಬರ್ತದೆ. ಅವರಿಗೆ ಗೊತ್ತಾಗ್ಲಿಕ್ಕಿಲ್ಲ.’

ಅವನು ಕೆಟ್ಟವನಲ್ಲ. ಅಡಿಕೆ ಕೊಳ್ಳುವವರು ಒಳ್ಳೆಯ ಚಾಲಿಯನ್ನೂ ಕೈಯಲ್ಲಿ ಹಿಡಿದು ಮುಖ ಸಿಂಡರಿಸುತ್ತಾರೆ, ಅದು ವ್ಯಾಪಾರದ ರೀತಿ. ಆದರೆ ಅವನ ಮಾತಿನಲ್ಲಿ ನಮ್ಮೂರಿನ ಇನ್ನೊಂದು ಅಭ್ಯಾಸವೂ ಇತ್ತು. ಎರಡು ಭಾಷೆ ಬಲ್ಲ ನಮಗೆ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಹೇಳುವ ಸೌಕರ್ಯ ಉಂಟು. ಅಲ್ಪಸಂಖ್ಯಾತರಿಗೆ ಅದು ಕೆಲವೊಮ್ಮೆ ರಕ್ಷಣೆಯೂ ಹೌದು, ಕಚೇರಿಗಳಲ್ಲಿ ನಾನೇ ಕಂಡಿದ್ದೇನೆ. ಆರ್ಮರರನ ಮೇಜಿನ ಮೇಲೆ ಮಾತ್ರ ಅದು ಸಲ್ಲದು. ಸೇನೆಯಲ್ಲಿ ನಾನು ಸಹಿ ಮಾಡಿದ ಚೀಟಿಯನ್ನು ಓದಿದವನು ತಮಿಳನೋ ಸಿಖ್ಖನೋ ನಾಗನೋ ನನಗೆ ಗೊತ್ತಿರುತ್ತಿರಲಿಲ್ಲ. ಅವನು ಆ ಆಯುಧವನ್ನು ಮುಖದ ಹತ್ತಿರ ಹಿಡಿದು ಗುಂಡು ಹಾರಿಸುತ್ತಾನೆ ಎಂಬುದಷ್ಟೇ ಗೊತ್ತಿತ್ತು.

ಪುಡಿ ಬಿಳಿಯಾಗಿಯೇ ಉಳಿಯಿತು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯ ತಳ ಬೆಳ್ಳಗೆ ಹೊಳೆಯುತ್ತಿತ್ತು. ಬಿರುಕಿಗೆ ತಳ ಕಾಣುವುದಿಲ್ಲ. ಮೇಲಿನ ಕಪ್ಪು ಲೇಪ ಕಿತ್ತುಹೋಗಿ ಒಳಗಿನ ಲೋಹ ಕಂಡದ್ದು, ಅಷ್ಟೆ. ನಾನು ಅಳಿಯನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ‘ಬಿರುಕಲ್ಲ, ಗೀರು’ ಎಂದೆ. ಟೀಚರ ಕಡೆ ತಿರುಗಿ ‘ವಿಳ್ಳಲಲ್ಲ ಟೀಚರೇ, ಪೋರಲಾಣ್’ ಎಂದೆ. ಅದೇ ಉಸಿರಿನಲ್ಲಿ ಸ್ಪ್ರಿಂಗು ಸೋತದ್ದು, ಮ್ಯಾಗಜೀನು ಕೆಟ್ಟದ್ದು, ನಳಿಗೆಯ ಚುಕ್ಕಿಗಳು, ಎಲ್ಲವನ್ನೂ ಎರಡೂ ಭಾಷೆಯಲ್ಲಿ ಹೇಳಿದೆ. ಕೇಳಿ ಮುಗಿಸಿ ಟೀಚರ್ ಕನ್ನಡದಲ್ಲೇ ಹೇಳಿದರು: ‘ರಿಪೇರಿಯ ಖರ್ಚು ನನ್ನ ಹಣದಲ್ಲಿ ಮುರಿದುಕೊಳ್ಳಿ.’ ನಲವತ್ತು ವರ್ಷ ಕನ್ನಡ ಡಿವಿಷನ್ನಿನ ಪಕ್ಕದ ಕೋಣೆಯಲ್ಲಿ ಪಾಠ ಮಾಡಿದವರು ಅವರು. ಅಳಿಯ ಬಾಗಿಲ ಬಳಿ ಆಡಿದ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಖಾಸಗಿಯವರ ನಡುವೆ ಆಯುಧ ಕೈಬದಲಾಗುವ ಮೊದಲು ಅಧಿಕಾರಿಗಳಿಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಆ ಅವಧಿಯಲ್ಲಿ ಅಳಿಯ ತನ್ನ ಆಸೆಗಳ ಪಟ್ಟಿ ತಂದ. ನಿಕ್ಕಲ್ ಲೇಪ ಮಾಡಿಸಿ ಹೊಳೆಯಿಸಬೇಕು, ಟ್ರಿಗರು ಹಗುರ ಮಾಡಿಸಬೇಕು. ಎರಡೂ ಬೇಡವೆಂದೆ. ಲೇಪ ಗೀರನ್ನೂ ಮುಚ್ಚುತ್ತದೆ, ನಾಳೆ ಬರಬಹುದಾದ ಬಿರುಕನ್ನೂ ಮುಚ್ಚುತ್ತದೆ. ಇನ್ನು ಮೊದಲ ಗುಂಡಿಗೆ ಟ್ರಿಗರು ಗಟ್ಟಿಯಾಗಿರುವುದು ಕುಂದಲ್ಲ. ಗಾಬರಿಯಲ್ಲಿ ಬೆರಳು ತಾಗಿದ ಮಾತ್ರಕ್ಕೆ ಗುಂಡು ಹಾರಬಾರದೆಂದೇ ಹಾಗೆ ಮಾಡಿದ್ದು. ಅದರ ಒಳಗಿನ ಕೊಂಡಿಗಳನ್ನು ಉಜ್ಜಿ ನಯ ಮಾಡಲು ಹೋದವರು ಜೀವ ಕಳೆಯುವ ಆಯುಧ ಮಾಡಿ ಕೊಟ್ಟದ್ದುಂಟು. ಲೈಸೆನ್ಸು ಇರುವ ಕೆಲಸಗಾರರಿಂದಲೇ ಹೊಸ ಸ್ಪ್ರಿಂಗು, ಮ್ಯಾಗಜೀನಿಗೂ ಹೊಸ ಸ್ಪ್ರಿಂಗು, ಹಿಡಿಗೆ ಬೀಟೆ ಮರದ ತಗಡು, ಇಷ್ಟು ಮಾಡಿಸಿದೆವು. ಅಗಲಿಸಿದ ತುಟಿಯ ಮ್ಯಾಗಜೀನು ಉಪಯೋಗಕ್ಕೆ ಬೇಡವೆಂದು ಅಂಗಡಿಯಲ್ಲೇ ಬಿಟ್ಟೆವು. ಚರ್ಮದ ಚೀಲದ ಬದಲು ಎಣ್ಣೆಬಟ್ಟೆ. ಪಿಸ್ತೂಲು ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಹೊಸತು ಮಾಡುವುದೆಂದರೆ ಇಷ್ಟೇ. ಸವೆಯಬೇಕಾದದ್ದನ್ನು ಕಾಲಕಾಲಕ್ಕೆ ಬದಲಿಸುವುದು, ಸವೆಯದೆ ಉಳಿದದ್ದರ ತಂಟೆಗೆ ಹೋಗದಿರುವುದು.

ಟೀಚರ ಒಂದು ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಇನ್ನೊಂದು ಮರುವರ್ಷಕ್ಕೆ. ಅಕ್ಕ ಮಾತ್ರ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ತಮ್ಮನೇ ಎದುರು ಕೂತು ಮಗನಿಗೆ ಅಷ್ಟು ಹಣ ಜಾಸ್ತಿ ಕೊಡಿಸಿದನೆಂದು ಅವಳ ಲೆಕ್ಕ. 2024ರ ಲೋಕಸಭಾ ಚುನಾವಣೆಗೆ ಅಳಿಯ ಪಿಸ್ತೂಲು ಠೇವಣಿ ಇಡಲು ಹೊರಟ ದಿನ ನಾನು ಅವರ ಮನೆಗೆ ಹೋಗಿದ್ದೆ. ಅಕ್ಕ ಬೆಲ್ಲ-ನೀರು ತಂದಿಟ್ಟು, ಗೋಡೆಯ ಕಡೆ ನೋಡುತ್ತ ಕೇಳಿದಳು:

‘ಅಂಗಡಿಯಲ್ಲಿ ಆ ಟೀಚರಿಗೆ ನೀನು ಹೇಳಿದ್ದಾದರೂ ಏನು?’

‘ನಿನ್ನ ಮಗನಿಗೆ ಹೇಳಿದ್ದನ್ನೇ.’

‘ಮಲಯಾಳದಲ್ಲಿಯೂ?’

‘ಮಲಯಾಳದಲ್ಲಿಯೂ.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊಟ ಮಾಡಿಕೊಂಡೇ ಹೋಗು’ ಎಂದಳು.