ಒಡೆದ ಬಳೆಗಳೂ ನಿಸಿಧಿಗಲ್ಲುಗಳೂ

ಮಾರ್ಗಶಿರ ಮಾಸದ ಹೊಸ್ತಿಲ ಹುಣ್ಣಿಮೆಯಂದು ನಮ್ಮ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ದೇವಿಯ ವೈಧವ್ಯದ ಆಚರಣೆ ನಡೆಯುತ್ತದೆ. ಜಮದಗ್ನಿಯು ಹತನಾದ ಕಥೆಯನ್ನು ನೆನೆದು ಅಂದು ದೇವಿಯ ಹೆಸರಿನಲ್ಲಿ ಬಳೆ ಒಡೆಯುತ್ತಾರೆ. ಆಡುಮಾತಿನಲ್ಲಿ ಇದಕ್ಕೆ ರಂಡಿ ಹುಣ್ಣಿವೆಯೆಂದು ಹೆಸರು. ಎರಡು ತಿಂಗಳ ತರುವಾಯ ಮಾಘದ ಭಾರತ ಹುಣ್ಣಿಮೆ ಬರುತ್ತದೆ. ಪತಿಯು ಮರಳಿ ಬದುಕಿದನೆಂಬ ನಂಬಿಕೆಯಿಂದ ಆಗ ದೇವಿಗೆ ಮತ್ತೆ ಹಸಿರು ಬಳೆ. ಅದು ಮುತ್ತೈದೆ ಹುಣ್ಣಿವೆ.

ಈ ಗುಡ್ಡದ ನೆರಳಿನಲ್ಲಿ ಬೆಳೆದ ನಾವು ಶ್ರಾವಕರು. ನೆರೆಯವರ ನಂಬಿಕೆಯನ್ನು ತೂಗಿ ನೋಡುವುದು ನನ್ನ ಉದ್ದೇಶವಲ್ಲ. ಆದರೆ ದೇವಿಯ ವೈಧವ್ಯಕ್ಕೆ ಎರಡು ತಿಂಗಳ ಮಿತಿಯಿರುವಾಗ ನಮ್ಮ ಮನೆಯ ಹೆಣ್ಣುಮಗಳ ವೈಧವ್ಯಕ್ಕೆ ಮಿತಿಯೇ ಇಲ್ಲವಲ್ಲ ಎಂಬ ವಿಚಾರ ಪ್ರತಿವರ್ಷ ನನ್ನನ್ನು ಕಾಡುತ್ತದೆ.

ಮೃತರಿಗೆ ಸಲ್ಲಿಸುವ ಸಂಸ್ಕಾರದಲ್ಲಿ ಜನಜನಕ್ಕೆ ಭೇದವುಂಟು. ನಾವು ದಹನ ಮಾಡುತ್ತೇವೆ. ನೆರೆಯ ಲಿಂಗಾಯತ ಬಂಧುಗಳು ಮೃತರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಮುಸಲ್ಮಾನರು ದಫನ ಮಾಡಿ, ಪತಿಯನ್ನು ಕಳೆದುಕೊಂಡವಳಿಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ತನ್ನು ವಿಧಿಸುತ್ತಾರೆ. ಅದು ಮುಗಿದೊಡನೆ ಆಕೆ ಮರುಮದುವೆಗೂ ಸ್ವತಂತ್ರಳು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1861ರಲ್ಲಿ ಪತಿ ತೀರಿದ ಮೇಲೆ 1901ರಲ್ಲಿ ತಾನು ತೀರುವವರೆಗೂ ಕಪ್ಪು ಉಡುಪನ್ನೇ ಧರಿಸಿದಳು. ಅದು ಆಕೆಯ ಇಚ್ಛೆ. ವಿಧವೆಯಾದ ಮಾತ್ರಕ್ಕೆ ಅವಳು ಸಿಂಹಾಸನದಿಂದ ಏಳಬೇಕಾಗಲಿಲ್ಲ. ಅಷ್ಟು ದೂರವೇಕೆ? 1816ರಲ್ಲಿ ಮಲ್ಲಸರ್ಜ ದೇಸಾಯಿಯವರು ತೀರಿದಾಗ ವಿಧವೆಯಾದ ಕಿತ್ತೂರು ಚೆನ್ನಮ್ಮನವರೇ 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದವರು. 1829ರಲ್ಲಿ ಸೆರೆಯಲ್ಲಿ ತೀರಿದ ಅವರ ಸಮಾಧಿ ಬೈಲಹೊಂಗಲದಲ್ಲಿದೆ. ಅಲ್ಲಿ ಕೈಮುಗಿಯುವ ನಾವೇ ಮನೆಯ ಮಂಗಲಕಾರ್ಯದಲ್ಲಿ ವಿಧವೆಯನ್ನು ಒಳಕೋಣೆಯಲ್ಲಿ ಕೂಡಿಸುತ್ತೇವೆ.

ನಮ್ಮ ಶಾಸ್ತ್ರ ಈ ವಿಷಯದಲ್ಲಿ ಮೌನವಾಗಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಶೋಕವನ್ನೂ ಆಕ್ರಂದನವನ್ನೂ ಪರಿದೇವನವನ್ನೂ ಸೇರಿಸಿದ್ದಾರೆ. ಎದೆ ಬಡಿದು ಅಳಬಾರದೆಂದು ಹಿರಿಯರು ಹೇಳುವುದು ಇದರ ಆಧಾರದಿಂದಲೇ. ಆದರೆ ಸೂತ್ರದ ಉಳಿದ ಭಾಗವನ್ನು ನಾವು ಬಿಟ್ಟು ಓದುತ್ತೇವೆ. ಆ ದುಃಖವನ್ನು ತನ್ನಲ್ಲಿ ಉಂಟುಮಾಡಿಕೊಂಡರೂ, ಪರರಲ್ಲಿ ಉಂಟುಮಾಡಿದರೂ, ಇಬ್ಬರಲ್ಲಿಯೂ ಉಂಟುಮಾಡಿದರೂ ಕರ್ಮಾಸ್ರವ ತಪ್ಪದು. ಅಳುತ್ತಿರುವವಳ ಕೈಹಿಡಿದು ಬಳೆ ಒಡೆಯುವವರು, ಕುಂಕುಮ ಅಳಿಸುವವರು ಯಾವ ಪುಣ್ಯವನ್ನು ಗಳಿಸುತ್ತಾರೆ?

ಇದರಿಂದ ಆಕೆಗೆ ವೈರಾಗ್ಯ ಹುಟ್ಟುತ್ತದೆಂದು ಕೆಲವರು ವಾದಿಸುವುದುಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಹೋಲುವ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ: ದುಃಖವೇ ಕರ್ಮಕ್ಕೆ ಕಾರಣವಾದರೆ ಕೇಶಲೋಚ, ಉಪವಾಸಗಳ ಗತಿಯೇನು? ಕರುಣೆಯುಳ್ಳ ವೈದ್ಯನು ಹುಣ್ಣನ್ನು ಕೊಯ್ಯುವಾಗ ನೋವಾದರೂ ಅವನಿಗೆ ಪಾಪವಿಲ್ಲ. ಅಂತರಂಗದ ಭಾವವೇ ಅಲ್ಲಿ ನಿರ್ಣಾಯಕವೆಂಬುದು ಅವರ ಸಮಾಧಾನ. ವ್ರತವನ್ನು ತಾನಾಗಿ ಬೇಡಿ ಪಡೆಯಬೇಕು. ಬೇಡದವಳ ಮೇಲೆ ನೆರೆದ ಮಂದಿ ಹೇರುವ ಕಟ್ಟಳೆಗೆ ವ್ರತದ ಹೆಸರು ಸಲ್ಲದೆಂದು ನನ್ನ ದೃಢವಾದ ಅಭಿಪ್ರಾಯ.

ಪೂರ್ವಿಕರು ಮರಣವನ್ನು ಸ್ಮರಿಸಿದ ಬಗೆಯೇ ಬೇರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಅತಿ ಪ್ರಾಚೀನ ಶಾಸನಗಳಲ್ಲಿ ಬಹುಪಾಲು ಸಮಾಧಿಮರಣವನ್ನು ಕುರಿತವು. ಮುನಿಗಳ ಸಂಗಡ ಕಂತಿಯರ ಹೆಸರುಗಳೂ ಅಲ್ಲಿವೆ. ಹೊಯ್ಸಳರ ಶಾಂತಲದೇವಿಯು 1131ರಲ್ಲಿ ಶಿವಗಂಗೆಯಲ್ಲಿ ತೀರಿದಾಗ ಅವಳ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಕೊಂಡು, ಒಂದು ತಿಂಗಳ ಉಪವಾಸದಿಂದ ಮುಡಿಪಿದಳೆಂದು ಶಾಸನ ಹೇಳುತ್ತದೆ. ಮಗಳನ್ನು ಕಳೆದುಕೊಂಡ ಆ ತಾಯಿಯ ಅಳಲು ಎಷ್ಟಿತ್ತೋ. ಶಾಸನ ನೆನೆದುದು ಅವಳ ನಿರ್ಧಾರವನ್ನು. ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ, 980ರಲ್ಲಿ ಶಾಂತಿವರ್ಮನು ಜಿನಾಲಯಕ್ಕೆ ದತ್ತಿ ಬಿಟ್ಟ ನಮ್ಮೂರಿಗೂ ಈ ಪರಂಪರೆ ಪರಕೀಯವಲ್ಲ.

2022ರ ಮೇ ತಿಂಗಳಿನಲ್ಲಿ ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯತಿಯು ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಯುವುದು ಇವನ್ನು ಗ್ರಾಮದಲ್ಲಿ ನಿಲ್ಲಿಸಬೇಕೆಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರವು ಉಳಿದ ಗ್ರಾಮಗಳೂ ಹಾಗೆ ಮಾಡಲೆಂದು ಸುತ್ತೋಲೆ ಹೊರಡಿಸಿತು. ಒಂದು ಗ್ರಾಮದ ಸಭೆಗೆ ಸಾಧ್ಯವಾದುದು ಬಸದಿಯ ವಿಶ್ವಸ್ತ ಮಂಡಳಿಗೆ ಅಸಾಧ್ಯವೇ?

ನನ್ನ ಅಣ್ಣ ತೀರಿಕೊಂಡಾಗ ಬಂಧುವರ್ಗದ ಹಿರಿಯ ಹೆಂಗಸರು ವೈನಿಯ ಸುತ್ತ ನೆರೆದರು. ಗೋಡೆಗೆ ಒರಗಿ ಕುಳಿತಿದ್ದ ನಮ್ಮ ಅವ್ವ, “ಆಕೀ ಕೈ ಬಿಡ್ರಿ. ಹೋದಾವ ನನ್ನ ಮಗಾ. ಬಳಿ ಏನ್ ಮಾಡ್ಯಾವು?” ಎಂದಳು. ಅವ್ವ ಶಾಸ್ತ್ರ ಓದಿದವಳಲ್ಲ. ಹೆತ್ತವಳ ಮಾತನ್ನು ಮೀರಿ ಯಾರೂ ಮುಂದೆ ಬರಲಿಲ್ಲ. ಸೂತಕ ಕಳೆದ ಮೇಲೆ ವೈನಿ ಅದೇ ಹಸಿರು ಬಳೆಗಳಲ್ಲಿ ಬಸದಿಗೆ ಹೋಗಿ ಗಂಧೋದಕ ತೆಗೆದುಕೊಂಡು ಬಂದರು. ಕೆಲವರು ಮುಖ ತಿರುಗಿಸಿದರು. ಇಬ್ಬರು ವಿಧವೆಯರು ಮಾತ್ರ ಹತ್ತಿರ ಬಂದು ಅವರ ಕೈ ಮುಟ್ಟಿ ನೋಡಿದರು.

ಪಂಚಕಲ್ಯಾಣದ ಮೆರವಣಿಗೆಯಲ್ಲಿ ಕುಂಭ ಹೊರುವವರ ಪಟ್ಟಿಗೆ ಇಂದಿಗೂ “ಮುತ್ತೈದೆಯರು” ಎಂದೇ ತಲೆಬರಹ. ಅಲ್ಲಿ “ಶ್ರಾವಿಕೆಯರು” ಎಂದು ಬರೆಯಬೇಕೆಂದು ನಮ್ಮ ಊರಿನ ಮಂಡಳಿಗೆ ಅರ್ಜಿ ಕೊಟ್ಟಿದ್ದೇನೆ. ಅದರ ಮೇಲೆ ಮೊದಲ ಸಹಿ ವೈನಿಯದು, ಎರಡನೆಯದು ಅವ್ವನ ಹೆಬ್ಬೆಟ್ಟು.