ಸಂಕಕ್ಕೆ ಮನೆಗೊಬ್ಬರು

‘ಗೆಂಕಾಯ್ ಶೂರಾಕು.’ ಜಪಾನಿ ಭಾಷೆಯಲ್ಲಿ ನನಗೆ ಗೊತ್ತಿರೋ ಹತ್ತು ಪದಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಹೇಳೋದಾದ್ರೆ, ಅಂಚಿಗೆ ಬಂದು ನಿಂತ ಊರು. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಕಡೆಯವರೊಬ್ಬರು ಶಿಕೋಕು ದ್ವೀಪದವರು. ಮೀಟಿಂಗ್ ಶುರುವಾಗೋ ಮುಂಚಿನ ಎರಡು ನಿಮಿಷದ ಹರಟೆಯಲ್ಲಿ ಒಮ್ಮೆ ತಮ್ಮ ಊರಿಗೆ ಈ ಪದ ಬಳಸಿದರು. ಆಮೇಲೆ ನಾನೇ ಹುಡುಕಿ ಓದಿದೆ. ಅಕಿರಾ ಓನೋ ಎಂಬ ಸಮಾಜಶಾಸ್ತ್ರಜ್ಞರು ಶಿಕೋಕುವಿನ ಬೆಟ್ಟದ ಹಳ್ಳಿಗಳನ್ನು ಅಧ್ಯಯನ ಮಾಡಿ, 1990ರ ಆಸುಪಾಸಿನಲ್ಲಿ ಮುಂದಿಟ್ಟ ಪರಿಕಲ್ಪನೆ ಅದು. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು, ದಾರಿ ರಿಪೇರಿಯಿಂದ ಹಿಡಿದು ಸಾವಿಗೆ ಹೆಗಲು ಕೊಡೋವರೆಗೆ ಊರವರು ಸೇರಿ ಮಾಡಬೇಕಾದ ಕೆಲಸಕ್ಕೆ ಜನ ಸಾಲೋದಿಲ್ಲ. ಅಂಥ ಹಳ್ಳಿಗೆ ಈ ಹೆಸರು.

ಓದುತ್ತಿದ್ದಾಗ ಕಣ್ಣ ಮುಂದೆ ಬಂದಿದ್ದು ಕಳಸದ ಹತ್ತಿರದ ನಮ್ಮೂರು. ನಾನು ಓದುತ್ತಾ ಕೂತಿದ್ದು ಮಾತ್ರ ತಣಿಸಂದ್ರದಲ್ಲಿ.

ತಣಿಸಂದ್ರ ಗೊತ್ತಲ್ಲ? ನಾಗವಾರದಿಂದ ಉತ್ತರಕ್ಕೆ ಹೋಗೋ ರಸ್ತೆ, ಪಕ್ಕದಲ್ಲೇ ಮಾನ್ಯತಾ ಟೆಕ್ ಪಾರ್ಕ್, ಎರಡೂ ಕಡೆ ಅಪಾರ್ಟ್‌ಮೆಂಟು, ಪಿಜಿ, ಬಿರಿಯಾನಿ ಅಂಗಡಿ. ಬೆಂಗಳೂರಿನ ಸುತ್ತಲಿನ ‘ಸಂದ್ರ’ಗಳೆಲ್ಲ ಮೂಲದಲ್ಲಿ ‘ಸಮುದ್ರ’, ಅಂದ್ರೆ ದೊಡ್ಡ ಕೆರೆ ಅಂತಾರೆ. ಇಲ್ಲಿ ಬೇಸಿಗೆಯಲ್ಲಿ ನೀರು ಬರೋದು ಟ್ಯಾಂಕರಿನಲ್ಲಿ. ನಮ್ಮ ಮನೆ ಓನರ್ ಅಂಕಲ್ ಹುಟ್ಟಿದ್ದು ಇಲ್ಲೇ. ಈಗ ನಾನಿರೋ ಬಿಲ್ಡಿಂಗ್ ಇರೋ ಜಾಗದಲ್ಲಿ ಅವರಪ್ಪ ರಾಗಿ ಬೆಳೀತಿದ್ರಂತೆ. ಒಂದು ಭಾನುವಾರ ಬಾಡಿಗೆ ಮಾತಾಡೋಕೆ ಹೋದಾಗ ಹೇಳಿದ್ರು: “ನಾವೆಲ್ಲೂ ಹೋಗ್ಲಿಲ್ಲ ಕಣಪ್ಪಾ, ಊರೇ ಎದ್ದು ಹೋಯ್ತು.” ನಮ್ಮ ಬಿಲ್ಡಿಂಗಿನ ಹದಿನಾರು ಮನೆಗಳಲ್ಲಿ ಮೂರು ಮಲೆನಾಡಿನವರದ್ದು. ಅಮ್ಮ ಕಳಿಸೋ ಮಿಡಿ ಉಪ್ಪಿನಕಾಯಿ ಮೂರಕ್ಕೂ ಹಂಚಿಹೋಗುತ್ತೆ.

ಜನಗಣತಿಯ ಅಂಕಿ ನೋಡಿದ್ರೆ ಎರಡೂ ತುದಿ ಒಟ್ಟಿಗೇ ಕಾಣುತ್ತೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ ಇದ್ದವರು 11,40,905 ಜನ. 2011ರಲ್ಲಿ 11,37,961. ಆ ಹತ್ತು ವರ್ಷದಲ್ಲಿ ರಾಜ್ಯದಲ್ಲಿ ಜನ ಕಮ್ಮಿಯಾದ ಜಿಲ್ಲೆ ಅದೊಂದೇ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. 2021ರ ಗಣತಿ ನಡೆಯಲೇ ಇಲ್ಲ. ನಾನು, ನನ್ನ ತಂಗಿ, ಪಕ್ಕದ ಮನೆಯ ಇಬ್ಬರು, ನಾವ್ಯಾರೂ ಆ ಲೆಕ್ಕದಲ್ಲಿ ಇನ್ನೂ ಜಿಲ್ಲೆ ಬಿಟ್ಟೇ ಇಲ್ಲ!

ನಮ್ಮಲ್ಲೂ ಪ್ರಾದೇಶಿಕ ಅಸಮತೋಲನದ ಬಗ್ಗೆ ದೊಡ್ಡ ಅಧ್ಯಯನ ಆಗಿದೆ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು, 35 ಸೂಚಕಗಳಲ್ಲಿ ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಅಲ್ಲಿಗೆ ದುಡ್ಡು ಹೋಗಬೇಕಿತ್ತು, ಇನ್ನೂ ಹೋಗಬೇಕು. ಆದ್ರೆ ನಮ್ಮೂರಿನ ಕಷ್ಟ ಅಂಥ ಅಳತೆಗೆ ಸಿಗೋದಿಲ್ಲ. ಬ್ಯಾಂಕ್ ಇದೆ, ಕರೆಂಟ್ ಇದೆ, ಅಡಿಕೆಗೆ ರೇಟೂ ಇದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ ಮರ ಹತ್ತುವ ಕೊನೆಗೌಡ ಇಲ್ಲ. ಓನೋ ಅವರ ಪ್ರಶ್ನೆ ಇದಕ್ಕೆ ಹತ್ತಿರದ್ದು: ಊರ ಕೆಲಸಕ್ಕೆ ಎಷ್ಟು ಜನ ಬರ್ತಾರೆ?

ನಮ್ಮೂರಲ್ಲಿ ಆ ಕೆಲಸ ಅಂದ್ರೆ ಸಂಕ ಹಾಕೋದು. ಮನೆಗಳಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟಬಹುದು, ಜೂನ್ ಬಂದ್ರೆ ಆಗೋದಿಲ್ಲ. ಮೇ ತಿಂಗಳಲ್ಲಿ ಮರದ ದಿಮ್ಮಿ ಅಡ್ಡ ಹಾಕಿ, ಅಡಿಕೆ ದಬ್ಬೆ ಜೋಡಿಸಿ, ಕೈ ಹಿಡಿಯೋಕೆ ಬಿದಿರು ಕಟ್ಟಬೇಕು. ಮನೆಗೊಬ್ಬರು ಬರಬೇಕು ಅನ್ನೋದು ಹಳೇ ಕಟ್ಟಳೆ. ಕಳೆದ ವರ್ಷ ಅಪ್ಪ ಫೋನ್ ಮಾಡಿ, “ಸಂಕಕ್ಕೆ ಜನ ಇಲ್ಲ ಮಾರಾಯ, ಆದ್ರೆ ಬಾ” ಅಂದ್ರು. ಅವರು ‘ಬಾ’ ಅನ್ನೋರೇ ಅಲ್ಲ.

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಹೊರನಾಡಿನ ಬಸ್ಸು. ಹಾಸನದವರೆಗೆ ನಿದ್ದೆ, ಮೂಡಿಗೆರೆ ಆದ್ಮೇಲೆ ತಿರುವು, ಬೆಳಗಿನ ಜಾವಕ್ಕೆ ಕೊಟ್ಟಿಗೆಹಾರದ ತಂಪು. ಕಳಸದಲ್ಲಿ ಇಳಿದವರಲ್ಲಿ ಹೆಚ್ಚಿನವರು ನನ್ನ ಹಾಗೇ ಲ್ಯಾಪ್‌ಟಾಪ್ ಬ್ಯಾಗಿನವರು. ಸೋಮವಾರ ಬೆಳಿಗ್ಗೆ ಅದೇ ಮುಖಗಳು ವಾಪಸ್.

ಸಂಕದ ಕೆಲಸ ಭಾನುವಾರ. ಶನಿವಾರ ಬಿಡುವಿತ್ತು ಅಂತ ಬೈಕ್ ತಗೊಂಡು ಸಂಸೆ ಮೇಲೆ ಕುದುರೆಮುಖಕ್ಕೆ ಹೋದೆ. ಟ್ರೆಕ್ಕಿಂಗಿಗೆ ಬರೋರು ಬೆಟ್ಟ ನೋಡ್ತಾರೆ, ನಾನು ಹೋಗಿದ್ದು ಟೌನ್‌ಶಿಪ್ ನೋಡೋಕೆ. ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಶುರುವಾಗಿ, ಕಾಡಿನ ನಡುವೆ ಒಂದು ಊರನ್ನೇ ಕಟ್ಟಿತ್ತು. ಅದಿರನ್ನು ನೀರಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಈಗ ಸಾಲು ಸಾಲು ಕ್ವಾರ್ಟರ್ಸ್, ಬೀಗ, ಪಾಚಿ, ಮಧ್ಯೆ ಅಲ್ಲೊಂದು ಇಲ್ಲೊಂದು ಒಣಗಿಸಿದ ಬಟ್ಟೆ. ಭದ್ರೆ ಹುಟ್ಟುವ ಜಾಗ ಅದು, ಗಣಿ ನಿಂತದ್ದು ಸರಿಯೇ. ಆದ್ರೆ ಊರು ಖಾಲಿಯಾಗೋದು ನೋಡೋಕೆ ಕಷ್ಟ. ಹೊಕ್ಕೈಡೋ ದ್ವೀಪದ ಯೂಬಾರಿ ಅನ್ನೋ ಕಲ್ಲಿದ್ದಲು ಊರಿನದ್ದೂ ಇದೇ ಕಥೆ. 1960ರಲ್ಲಿ ಲಕ್ಷ ಮೀರಿ ಜನ ಇದ್ದ ಊರು, 1990ರಲ್ಲಿ ಕೊನೇ ಗಣಿ ಮುಚ್ಚಿತು, 2007ರಲ್ಲಿ ನಗರಸಭೆಯೇ ದಿವಾಳಿ. ಈಗ ಹತ್ತು ಸಾವಿರ ಜನವೂ ಇಲ್ಲ.

ಇದನ್ನೆಲ್ಲ ತಂಗಿಗೆ ಹೇಳೋದು ನನ್ನ ಚಾಳಿ. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಅವಳು. 2014ರಲ್ಲಿ ಹಿರೋಯಾ ಮಸುದಾ ಅನ್ನೋರ ತಂಡ ಜಪಾನಿನ 896 ಪಟ್ಟಣ-ಹಳ್ಳಿಗಳು ಇಲ್ಲವಾಗಬಹುದು ಅಂತ ಪಟ್ಟಿ ಮಾಡಿತ್ತು. ಅವರ ಅಳತೆಗೋಲು: 2040ರೊಳಗೆ 20ರಿಂದ 39 ವಯಸ್ಸಿನ ಹೆಂಗಸರ ಸಂಖ್ಯೆ ಅರ್ಧಕ್ಕಿಳಿಯುತ್ತಾ? ಅದನ್ನ ಹೇಳಿದಾಗ ಸಿಡುಕಿದಳು. “ಅಂದ್ರೆ ನಾನು ತಣಿಸಂದ್ರದಲ್ಲಿ ಇರೋದ್ರಿಂದ ಊರು ಸಾಯ್ತಿದೆ ಅಂತಾನಾ?” 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದಾಗಲೂ ಹೀಗೇ ಸಿಡುಕಿದ್ದಳು. ಹುಡುಗಿಯರು ಯಾಕೆ ಹೋದ್ರು ಅಂತ ಯಾರೂ ಹುಡುಗಿಯರನ್ನ ಕೇಳಲ್ಲ ಅನ್ನೋದು ಅವಳ ತಕರಾರು. ನನಗೆ ಉತ್ತರ ಹೊಳೀಲಿಲ್ಲ.

ಭಾನುವಾರ ಹಳ್ಳಕ್ಕೆ ಇಳಿದಾಗ ಊರಿನ ಗಂಡಸರು ಆರು ಜನ. ನಾಲ್ವರು ಅಪ್ಪನ ವಯಸ್ಸಿನವರು. ದಿಮ್ಮಿ ಎತ್ತೋದು ಹೇಗೆ ಅಂತ ನಿಂತಿದ್ದಾಗ, ಮೇಲಿನ ಕಾಫಿ ಎಸ್ಟೇಟಿನ ಲೈನ್ ಮನೆಯಿಂದ ಅಸ್ಸಾಮಿನ ಐದು ಹುಡುಗರು ಬಂದ್ರು. ಯಾರೂ ಕರೆದಿರಲಿಲ್ಲ. ಅವರ ಮಕ್ಕಳೂ ಅದೇ ಸಂಕ ದಾಟಿ ಶಾಲೆಗೆ ಹೋಗಬೇಕು, ಈಗ ಶಾಲೆಯಲ್ಲಿ ಅರ್ಧ ಅವರದ್ದೇ ಮಕ್ಕಳು. ಒಂದು ಗಂಟೆಯೊಳಗೆ ದಿಮ್ಮಿ ಕೂತಿತು. ಅಪ್ಪ ಕೂಲಿ ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ. ಊಟಕ್ಕೆ ಕೂತ್ರು. ಅವರು ನಮ್ಮೂರಿಗೆ ಬಂದು ಎಂಟು ವರ್ಷ ಆಯ್ತಂತೆ, ನಾನು ಊರು ಬಿಟ್ಟು ಹನ್ನೆರಡು. ‘ಮನೆಗೊಬ್ಬರು’ ಅನ್ನೋ ಲೆಕ್ಕದಲ್ಲಿ ಅವರ ಮನೆಗಳೂ ಸೇರಬೇಕು ಅಂತ ನಾನು ಅಂದೆ. ಇಬ್ಬರು ಹಿರಿಯರು ಸುಮ್ಮನಾದ್ರು, ಒಬ್ಬರು “ನೋಡುವ” ಅಂದ್ರು.

ಈ ವರ್ಷದ ದಿನ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ, ಮೇ ಮೂರನೇ ಭಾನುವಾರ. ಅದರ ಕೆಳಗೆ ತಂಗಿ ಬರೆದಳು: “ಮನೆಗೊಬ್ಬರು ಅಂದ್ರೆ ಗಂಡಸೇ ಯಾಕೆ?” ಎರಡು ದಿನ ಯಾರೂ ಏನೂ ಬರೀಲಿಲ್ಲ. ಮೂರನೇ ದಿನ ಅಪ್ಪ ಒಂದೇ ಅಕ್ಷರ ಟೈಪ್ ಮಾಡಿದ್ರು, “ಬಾ”.

ಟಿಕೆಟ್ ಎರಡು ಬುಕ್ ಮಾಡಿದೀನಿ. ಕಿಟಕಿ ಸೀಟು ಅವಳದ್ದು.